ಯಲಬುರ್ಗಾದಿಂದ ಗಂಗಾವತಿಗೆ, ಒಂಬತ್ತು ವಿಮಾನ ಕಾರ್ಡುಗಳ ಜೊತೆ

ಕೊಪ್ಪಳದಿಂದ ಯಲಬುರ್ಗಾಕ್ಕೆ ಹೋಗುವ ಮೊದಲ ಬಸ್ಸಿಗೆ ನಾನು ಅರ್ಧ ತಾಸು ಮುಂಚೆಯೇ ಬಂದು ಕುಳಿತೆ. ಬಾಗಿಲ ಹತ್ತಿರದ ಸೀಟು ಸಿಗಬೇಕಿತ್ತು. ಆ ವಿಮಾನದಿಂದ ಇಳಿದು ಬಂದ ಮೇಲೆ ಅಂಟಿಕೊಂಡ ಚಟ ಇದು. ಎಲ್ಲಿ ಕುಳಿತರೂ ಮೊದಲು ಹೊರಗೆ ಹೋಗುವ ದಾರಿ ನೋಡುತ್ತೇನೆ. ಟಿಕೆಟ್ಟಿಗೆ ಮೂವತ್ತೈದು ರೂಪಾಯಿ. ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಭಾನಾಪುರ ದಾಟುವ ಹೊತ್ತಿಗೆ ಬಿಸಿಲು ಬಂತು. ಎರಡೂ ಬದಿಯ ಎರೆಹೊಲದಲ್ಲಿ ಕಡಲೆ ಕೀಳುವವರು ಸಾಲಾಗಿ ಬಗ್ಗಿದ್ದರು.

ಕೃಷಿ ಪದವಿ ಮುಗಿಸಿದ ಮೇಲೆ ನಾನು ಒಂದು ಬೀಜದ ಕಂಪನಿಯಲ್ಲಿ ಅಧಿಕಾರಿಯಾಗಿದ್ದೇನೆ. ಹೆಚ್ಚು ಬೀಜ ಮಾರಿದ ಅಂಗಡಿಕಾರರನ್ನು ವರ್ಷಕ್ಕೊಮ್ಮೆ ವಿಮಾನದಲ್ಲಿ ಪ್ರವಾಸಕ್ಕೆ ಕರೆದೊಯ್ಯುವುದು ನಮ್ಮ ದಂಧೆಯ ಪದ್ಧತಿ. ಹಿಂದಿನ ಮುಂಗಾರಿನಲ್ಲಿ ಹಾಗೆ ಹೋಗಿ ಬರುವಾಗ, ಮಳೆಯಲ್ಲಿ ಇಳಿದ ನಮ್ಮ ವಿಮಾನದ ಚಕ್ರ ಸಿಡಿದು, ಅದು ಓಡುದಾರಿ ಬಿಟ್ಟು ಕೆಸರಿಗೆ ಹೋಗಿ ನಿಂತಿತು. ಒಳಗೆ ಹೊಗೆ ತುಂಬಿತು. ದೀಪ ಆರಿದವು. ಗಗನಸಖಿಯೊಬ್ಬಳು ಒಡೆದ ದನಿಯಲ್ಲಿ ಒಂದೇ ಮಾತನ್ನು ಕೂಗುತ್ತಿದ್ದಳು. ನಾನು ಸೊಂಟದ ಪಟ್ಟಿಯನ್ನು ಜೀಪಿನ ಬೆಲ್ಟಿನಂತೆ ಒತ್ತುತ್ತಲೇ ಇದ್ದೆ. ಅದು ಎತ್ತಿದರೆ ಬಿಚ್ಚುವಂಥದು. ಕೊನೆಗೆ ಗಾಳಿ ತುಂಬಿದ ಜಾರುಹಾಸಿನ ಮೇಲೆ ಜಾರಿ ಎಲ್ಲರೂ ಕೆಸರಿಗೆ ಬಿದ್ದೆವು. ಯಾರೂ ಸಾಯಲಿಲ್ಲ. ಆದರೆ ಹಗಲಲ್ಲಿ, ಕೆಲಸದ ನಡುವೆ, ಆ ಪಟ್ಟಿ ಒತ್ತುವ ಹೆಬ್ಬೆರಳು ತಾನಾಗಿ ಅಲುಗಾಡುತ್ತದೆ.

ಆ ದಿನ ನನ್ನ ಪಕ್ಕದ ಸೀಟಿನಲ್ಲಿದ್ದವರು ಯಲಬುರ್ಗಾದ ಈರಣ್ಣ. ಈಗ ನಾನು ಹೊರಟಿದ್ದು ಅವರ ಮನೆಗೆ. ಅವರ ಹೆಂಡತಿ ಬಸಮ್ಮ ಎರಡು ದಿನದ ಹಿಂದೆ ಫೋನು ಮಾಡಿದ್ದರು. ಮಗಳು ಗಿರಿಜಾ ಹೆರಿಗೆಗೆಂದು ತವರಿಗೆ ಬಂದವಳು. ಕೂಸಿಗೆ ಐದು ತಿಂಗಳು ತುಂಬಿದೆ, ತೊಟ್ಟಿಲ ಸಮೇತ ಗಂಗಾವತಿಗೆ ಕಳಿಸಬೇಕು. ಅಪ್ಪ ಬಾರದೆ ತಾನು ಹೋಗುವುದಿಲ್ಲ ಎಂದು ಅವಳ ಹಟ. ಈರಣ್ಣನವರೋ ಆ ದಿನದಿಂದ ಯಾವ ಗಾಡಿಯನ್ನೂ ಹತ್ತಿಲ್ಲ. ಅಂಗಡಿಗೂ ನಡೆದೇ ಹೋಗುತ್ತಾರೆ. ಬೀಗರು ಎರಡು ಸಲ ಮುಹೂರ್ತ ಇಟ್ಟು ಎರಡು ಸಲವೂ ಮುಂದೆ ಹಾಕಿದ್ದಾರೆ. ಈ ಸಲ ತಪ್ಪಿದರೆ ಮಾತು ಬೆಳೆಯುತ್ತದೆ. "ನಿಮ್ಮ ಜೋಡಿ ಹೋಗಿದ್ರು ಸಾಹೇಬ್ರ, ನಿಮ್ಮ ಜೋಡಿನ ಹತ್ತಬೇಕು. ನಮ್ಮ ಮಾತು ಕೇಳಂಗಿಲ್ಲ," ಎಂದಿದ್ದರು ಬಸಮ್ಮ.

ಈರಣ್ಣನವರ ಅಂಗಡಿಯ ಗಾಜಿನ ಕಪಾಟನ್ನು ನೋಡದ ರೈತರು ಆ ತಾಲೂಕಿನಲ್ಲಿ ಕಡಿಮೆ. ಪ್ರವಾಸಕ್ಕೆ ಹೋದಾಗಲೆಲ್ಲ ವಿಮಾನದಿಂದ ತಂದ ಸಾಮಾನು ಅದರಲ್ಲಿ ಇರುತ್ತಿತ್ತು. ಬೆರಳುದ್ದದ ಚಮಚ, ಉಪ್ಪು ಮತ್ತು ಮೆಣಸಿನ ಪುಡಿಯ ಪೊಟ್ಟಣ, ಕಿವಿಗೆ ಹಾಕುವ ವೈರು, ಬೋರ್ಡಿಂಗ್ ಪಾಸಿನ ಹರಿದ ತುಂಡುಗಳು. ವಾಂತಿ ಚೀಲಗಳನ್ನಂತೂ ಕೈಗೆ ಸಿಕ್ಕಷ್ಟು ತರುತ್ತಿದ್ದರು. ಒಳಗೆ ನೀರಿಳಿಯದ ಕಾಗದ, ಈರುಳ್ಳಿ ಬೀಜ ಹಾಕಿಡಲು ಅದಕ್ಕಿಂತ ಛಲೋ ಚೀಲವಿಲ್ಲ ಎಂದು ನನಗೇ ಪಾಠ ಹೇಳಿದ್ದರು. ಕಪಾಟಿನ ಮೇಲಿನ ಸಾಲಿನಲ್ಲಿ ಮುಂದಿನ ಸೀಟಿನ ಜೇಬಿನಲ್ಲಿ ಇಡುವ ಒಂಬತ್ತು ಸುರಕ್ಷತಾ ಕಾರ್ಡುಗಳು. ಅಪಾಯವಾದಾಗ ಯಾವ ಬಾಗಿಲಿಂದ ಹೇಗೆ ಹೊರಬೀಳಬೇಕೆಂದು ಚಿತ್ರದಲ್ಲಿ ತೋರಿಸುವ ಗಟ್ಟಿ ಹಾಳೆಗಳು. ಆ ದಿನ ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಯೊಳಗೆ ಇಣುಕಿದಾಗ ಕಪಾಟಿಗೆ ಹಳೆಯ ಧೋತರ ಹೊದಿಸಿದ್ದರು.

ಬಸಮ್ಮ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಬಡಿಸಿದರು. ಈರಣ್ಣ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಪಟಗಾ ಸುತ್ತಿ ತಯಾರಾಗಿ ಕುಳಿತಿದ್ದರು. ಜೀಪು ತರಿಸಲೇ ಎಂದು ಕೇಳಿದೆ. ಜೀಪಿಗೆ ಬಾಗಿಲು ಕಡಿಮೆ, ಬಸ್ಸಾದರೆ ನೋಡೋಣ ಎಂದರು. ನಾಲ್ಕು ಮಂದಿ, ಒಂದು ಕೂಸು, ಬಿಚ್ಚಿ ಕಟ್ಟಿದ ಕಿನ್ನಾಳದ ಬಣ್ಣದ ತೊಟ್ಟಿಲು, ಎರಡು ಬುಟ್ಟಿ ಬುತ್ತಿ. ನಿಲ್ದಾಣದವರೆಗೆ ನಡೆದೆವು. ಮೊದಲ ಕುಷ್ಟಗಿ ಬಸ್ಸು ಬಂತು, ತುಂಬಿತು, ಹೋಯಿತು. ಈರಣ್ಣ ಹುಣಸೆಮರದ ಕೆಳಗಿನಿಂದ ಕದಲಲಿಲ್ಲ. ಗಿರಿಜಾ ಕೂಸನ್ನು ತೊಡೆ ಬದಲಿಸಿ ಕೂರಿಸಿಕೊಂಡಳು.

ಎರಡನೆಯ ಬಸ್ಸು ಬಂದಾಗ ಅವರು ಅದರ ಸುತ್ತ ಒಂದು ಸುತ್ತು ಬಂದರು. ಹಿಂಬದಿಯ ತುರ್ತು ಬಾಗಿಲಿನ ಚಿಲಕಕ್ಕೆ ತಂತಿ ಬಿಗಿದಿತ್ತು. ಅದನ್ನು ಬಿಚ್ಚಿದರೆ ಹತ್ತುತ್ತೇನೆ ಎಂದು ಕಂಡಕ್ಟರಿಗೆ ಹೇಳಿದರು. ದಾರಿಯಲ್ಲಿ ಬಾಗಿಲು ಬಡಿದುಕೊಳ್ಳುತ್ತದೆ, ಆಮೇಲೆ ನೀವೇ ಬೈಯುತ್ತೀರಿ ಎಂದು ಕಂಡಕ್ಟರ ವಾದ ಹೂಡಿದ. ಒಳಗಿದ್ದವರು ಲೇಟಾತು ಎಂದು ಗೊಣಗಿದರು. ಆಗ ನಾನು ಹೋಗಿ ತಂತಿಗೆ ಕೈ ಹಚ್ಚಿದೆ. ಬಸ್ಸು ಬಂದ ಕೂಡಲೇ ನಾನೂ ಆ ತಂತಿಯನ್ನು ನೋಡಿದ್ದೆ, ಹೇಳಲು ನಾಚಿಕೆಯಾಗಿತ್ತು. ಕಂಡಕ್ಟರ ನಮ್ಮಿಬ್ಬರನ್ನೂ ನೋಡಿ ಇಕ್ಕಳ ತಂದು ತಾನೇ ಬಿಚ್ಚಿದ. ಆಮೇಲೆ ತೊಟ್ಟಿಲಿಗೆ ಲಗೇಜು ಟಿಕೆಟ್ ಹರಿದ. ಗಿರಿಜಾ ತಕರಾರು ತೆಗೆದಳು.

"ತೊಟ್ಟಿಲದಾಗ ಕೂಸು ಇದ್ರ ಫ್ರೀ ಅಕ್ಕಾರ. ಖಾಲಿ ಇದ್ರ ಲಗೇಜು," ಎಂದ ಕಂಡಕ್ಟರ.

"ಹಂಗಾರ ಈಗ ಕಟ್ಟಿ ಮಲಗಸ್ತೀನಿ, ನೀನ ತೂಗ," ಎಂದಳು ಅವಳು. ಬಸ್ಸೆಲ್ಲ ನಕ್ಕಿತು. ಆ ನಗುವಿನ ನಡುವೆ ಈರಣ್ಣ ಹತ್ತಿ ಕುಳಿತದ್ದನ್ನು ಬಸಮ್ಮ ಮತ್ತು ನಾನು ಬಿಟ್ಟರೆ ಯಾರೂ ಗಮನಿಸಲಿಲ್ಲ.

ಬೇವೂರಿನವರೆಗೆ ಅವರು ಮುಂದಿನ ಸೀಟಿನ ಸರಳನ್ನು ಬಿಡಲಿಲ್ಲ. ಕುಷ್ಟಗಿಯಲ್ಲಿ ಇಳಿದಾಗ ಅಂಗಿಯ ಬೆನ್ನು ಒದ್ದೆ. ನಿಲ್ದಾಣದ ಎದುರಿನ ಅಂಗಡಿಯಲ್ಲಿ ಮಂಡಾಳ ಒಗ್ಗರಣೆ, ಮಿರ್ಚಿ ತಿಂದೆವು. ಅವರು ಬರೀ ಚಹಾ ಕುಡಿದರು. ಅಂಗಡಿಯಲ್ಲಿದ್ದ ಬೀಜದ ವ್ಯಾಪಾರಿಯೊಬ್ಬ ನಮ್ಮನ್ನು ಗುರುತಿಸಿ, "ಏನ್ರಿ ಈರಣ್ಣಾರ, ಈ ಬಸ್ಸಿನ್ಯಾಗ ಏನರ ಆರಿಸಿಕೊಂಡ್ರಿ?" ಎಂದ.

ಈ ಚಾಷ್ಟಿಯ ಮಾತು ಎಲ್ಲಿಂದ ಬಂತೆಂದು ಹೇಳಬೇಕು. ಆ ಹೊಗೆಯಲ್ಲಿ ಎಲ್ಲರೂ ಎದ್ದು ನಿಂತಾಗ ಈರಣ್ಣ ಕುಳಿತೇ ಇದ್ದರು. ಮುಂದಿನ ಸೀಟಿನ ಜೇಬಿಗೆ ಕೈ ಹಾಕಿ ತಡಕಾಡುತ್ತಿದ್ದರು. ಪುಸ್ತಕ ತೆಗೆದು ಕೆಳಗೆ ಹಾಕಿದರು, ಚೀಲ ತೆಗೆದು ಹಾಕಿದರು, ಮತ್ತೆ ಕೈ ಹಾಕಿದರು. ನಾನು ಕೊರಳಪಟ್ಟಿ ಹಿಡಿದು ಎಳೆದೆ. ಇದನ್ನು ನಮ್ಮ ಹಿಂದಿನ ಸಾಲಿನವರೂ ಕಂಡಿದ್ದರು. ಬೆಂಕಿ ಹತ್ತಿದರೂ ಈರಣ್ಣ ಸಾಮಾನು ಆರಿಸುವುದನ್ನು ಬಿಡಲಿಲ್ಲ ಎಂಬ ಮಾತು ಸುತ್ತಲಿನ ನಾಲ್ಕು ತಾಲೂಕಿನ ಅಂಗಡಿಗಳಲ್ಲಿ ಓಡಾಡಿತು. ನಾನೂ ಹಾಗೆಯೇ ತಿಳಿದಿದ್ದೆ. ಆ ದಿನವನ್ನು ನೆನೆದಾಗಲೆಲ್ಲ ಆ ಕೈ ಬರುತ್ತಿತ್ತು. ಪ್ರತಿ ಸಲವೂ ಅದರ ಮೇಲೆ ನನಗೆ ಸಿಟ್ಟು ಬರುತ್ತಿತ್ತು.

ಗಂಗಾವತಿ ಬಸ್ಸಿನಲ್ಲಿ ಜನ ಕಡಿಮೆ. ತಲೆಗೆ ಐವತ್ತೆರಡು ರೂಪಾಯಿ. ತಾವರಗೇರಾ ದಾಟಿದ ಮೇಲೆ ಕೂಸು ಮಲಗಿತು, ಗಿರಿಜಾಳೂ ತಾಯಿಯ ಹೆಗಲಿಗೆ ತಲೆ ಇಟ್ಟಳು. ಈರಣ್ಣ ಚೀಲದಿಂದ ಬಟ್ಟೆ ಸುತ್ತಿದ ಗಂಟು ತೆಗೆದು ನನ್ನ ತೊಡೆಯ ಮೇಲಿಟ್ಟರು. ಬಿಚ್ಚಿದೆ. ಆ ಒಂಬತ್ತು ಸುರಕ್ಷತಾ ಕಾರ್ಡುಗಳು.

"ಮುಂದಿನ ತಿಂಗಳ ನೀವು ದಿಲ್ಲಿಗೆ ಹೊಂಟೀರಂತ. ಇವನ್ನ ಒಯ್ದು ವಿಮಾನದಾಗ ಇಟ್ಟುಬಿಡ್ರಿ. ಖಾಲಿ ಜೇಬು ಎಲ್ಲಿ ಕಂಡ್ರ ಅಲ್ಲಿ."

ಯಾಕೆ ಎಂದು ಕೇಳಿದೆ. ಕಿಟಕಿಯ ಆಚೆ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದರು.

"ಅವತ್ತ ನಾ ಏನೂ ಆರಸ್ತಿದ್ದಿಲ್ಲರೀ. ಕಾರ್ಡ್ ಹುಡಕ್ತಿದ್ದೆ. ಬಾಗಲಾ ಎಲ್ಲೈತಿ ನೋಡಬೇಕಂತ. ಜೇಬಿನ್ಯಾಗ ಇರಲಿಲ್ಲ. ನನ್ನಂಥವ ಯಾವನೋ ಮೊದಲ ಒಯ್ದಿದ್ದ."

ಮತ್ತೆ ಅಂದರು: "ನಾ ಒಂಬತ್ತು ಜೇಬು ಖಾಲಿ ಮಾಡೀನಿ. ಆಮ್ಯಾಲ ಅಲ್ಲಿ ಯಾರ ಕುಂತ್ರೋ, ಅವರಿಗೆ ಏನಾತೋ. ಕೂಸನ್ನ ಎತ್ತಿಕೊಂಡ ಕುಂತಿದ್ರೋ ಏನೋ."

ನಾನು ಸಮಾಧಾನ ಹೇಳಲು ನೋಡಿದೆ. ಆ ಹೊಗೆಯಲ್ಲಿ ಕಾರ್ಡು ಇದ್ದರೂ ಕಾಣುತ್ತಿರಲಿಲ್ಲ, ನಾವೆಲ್ಲ ಆ ಗಗನಸಖಿಯ ದನಿ ಹಿಡಿದು ಹೊರಬಿದ್ದೆವು ಎಂದೆ. ಅವರು ತಲೆಯಾಡಿಸಿದರು, ಒಪ್ಪಿದಂತೆ ಕಾಣಲಿಲ್ಲ. ಕಾರ್ಡು ವಾಪಸಿಡುವ ಮಾತಿಗೆ ಮಾತ್ರ ನಿಜವನ್ನೇ ಹೇಳಬೇಕಾಯಿತು. ಒಂದೊಂದು ವಿಮಾನದ ಬಾಗಿಲು ಒಂದೊಂದು ಕಡೆ ಇರುತ್ತದೆ. ಒಂದರ ಕಾರ್ಡನ್ನು ಇನ್ನೊಂದರಲ್ಲಿಟ್ಟರೆ ಇಲ್ಲದ ಬಾಗಿಲಿಗೆ ಜನರನ್ನು ಕಳಿಸಿದಂತೆ. ನಾನು ದಿಲ್ಲಿಗೆ ರೈಲಿನಲ್ಲಿ ಹೋಗುತ್ತೇನೆಂದು ಕಚೇರಿಗೆ ಬರೆದದ್ದನ್ನೂ ಹೇಳಿದೆ. ಅವರು ಕಾರ್ಡುಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. ಹುಲಿಹೈದರದ ಕಡೆಯಿಂದ ಬಂದ ಹೆಂಗಸರು ಕನಕಗಿರಿಯಲ್ಲಿ ಹತ್ತಿ ಸೀಟಿಗಾಗಿ ಜಗಳಾಡಿದರು.

ಕನಕಗಿರಿಯ ಗುಡ್ಡಗಳು ಹಿಂದೆ ಬಿದ್ದು ಕಾಲುವೆ ನೀರಿನ ಭತ್ತದ ಹಸಿರು ಬಂದಾಗ ಗಿರಿಜಾ ಎದ್ದು ಕೂಸಿನ ಮುಖ ಒರೆಸಿ ಕಾಡಿಗೆ ತೀಡಿದಳು. ಗಂಗಾವತಿಯಲ್ಲಿ ಅಳಿಯ ರಿಕ್ಷಾ ತಂದಿದ್ದ. ಮನೆ ಅಕ್ಕಿ ಗಿರಣಿಗಳ ಓಣಿಯಲ್ಲಿ, ಹೊರಗೆಲ್ಲ ತೌಡಿನ ವಾಸನೆ. ಹೊಸ್ತಿಲಲ್ಲಿ ಆರತಿ ಆಯಿತು, ತೊಟ್ಟಿಲು ಕಟ್ಟಿದರು, ಬುತ್ತಿ ಬಿಚ್ಚಿದರು. ಊಟಕ್ಕೆ ಹೋಳಿಗೆ, ಸೋನಾ ಮಸೂರಿ ಅನ್ನ. ಎರಡು ಮುಹೂರ್ತ ತಪ್ಪಿದ ಸಿಟ್ಟು ಬೀಗರ ಮುಖದಲ್ಲಿ ಇನ್ನೂ ಇತ್ತು. ಎಲ್ಲರೂ ಎಲೆಯ ಮುಂದೆ ಕುಳಿತಾಗ ಅವರು ನಗುತ್ತಲೇ ಚುಚ್ಚಿದರು. "ವಿಮಾನ ಸುಡಾಕತ್ತಿದ್ರೂ ನಮ್ಮ ಬೀಗರು ಚಮಚ ಬಿಡಲಿಲ್ಲಂತ. ಬೆಳ್ಳಿ ಬಟ್ಟಲಾ ಜ್ವಾಕಿರಿ."

ಗಿರಿಜಾಳ ಮುಖ ಕೆಂಪಾಯಿತು. ನಾನು ಬಾಯಿ ತೆರೆದೆ. ಈರಣ್ಣ ಕೈ ಅಡ್ಡ ಹಿಡಿದು ತಾವೇ ಹೇಳಿದರು. ಬಸ್ಸಿನಲ್ಲಿ ನನಗೆ ಹೇಳಿದ್ದನ್ನೇ ಹೇಳಿದರು, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಅಷ್ಟು ಮಂದಿಯ ಎದುರು, ಹೆಣ್ಣು ಕೊಟ್ಟ ಮನೆಯಲ್ಲಿ. ಹೇಳಿ ಮುಗಿಸಿದ ಮೇಲೆ ಯಾರೂ ಸಾರಿಗೆ ಕೈ ಚಾಚಲಿಲ್ಲ.

ಬೀಗಿತ್ತಿ ಶಂಕ್ರಮ್ಮ ಬಡಿಸುತ್ತಿದ್ದವರು ಪಾತ್ರೆ ಇಟ್ಟು, ಅದೇನು ಕಾರ್ಡು, ತೋರಿಸಿ ಎಂದರು. ಗಂಟು ಬಿಚ್ಚಿತು. ಊಟದ ನಂತರ ಪಡಸಾಲೆಯಲ್ಲಿ ಹೆಂಗಸರು, ನೆರೆಯವರು ಸುತ್ತ ಕುಳಿತರು. ಈರಣ್ಣ ಚಿತ್ರಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ಎತ್ತರದ ಚಪ್ಪಲಿ ಬಿಚ್ಚಬೇಕು. ಚೀಲ ಬಿಡಬೇಕು. ಬಂಗಾರದ ಚೀಲವನ್ನೂ ಬಿಡಬೇಕೇ ಎಂದು ಒಬ್ಬಾಕೆ ಕೇಳಿದಳು. ಗಿರಿಜಾ ಒಂದು ಚಿತ್ರದ ಮೇಲೆ ಬೆರಳಿಟ್ಟಳು. ತಾಯಿ ಕೂಸನ್ನು ಎದೆಗೆ ಅವಚಿ ಬಗ್ಗಿ ಕುಳಿತ ಚಿತ್ರ. ಅವಳು ತನ್ನ ಕೂಸನ್ನು ಎತ್ತಿ ಹಾಗೆ ಹಿಡಿದಳು. ಅವಳಪ್ಪ ಮೊಣಕೈಯನ್ನು ಸ್ವಲ್ಪ ಮೇಲೆ ಸರಿಸಿ, ತಲೆಯ ಹಿಂದೆ ಅಂಗೈ ಇರುವಂತೆ ಮಾಡಿದರು. ಬೀಗರು ಕನ್ನಡಕ ಹಾಕಿಕೊಂಡು ಹತ್ತಿರ ಬಂದು ಒಂದು ಕಾರ್ಡು ತೆಗೆದುಕೊಂಡರು.

ಸಂಜೆ ನಾನು ಹೊರಟಾಗ ಈರಣ್ಣ ಕಾರ್ಡುಗಳನ್ನು ಜೋಡಿಸುತ್ತಿದ್ದರು. ಎಂಟೇ ಇದ್ದವು.

"ಯಾರೋ ಇಟ್ಕೊಂಡಾರ. ಇರ್ಲಿ ಬಿಡ್ರಿ, ಓದ್ಲಿ," ಎಂದರು.

ಊರಿಗೆ ಹೇಗೆ ಮರಳುತ್ತೀರಿ ಎಂದು ಕೇಳಿದೆ. ಹೆಂಡತಿ ಮುಂದಾಗಿ ಹೋಗಲಿ, ತಾನು ಎರಡು ದಿನ ಇದ್ದು ನೋಡುತ್ತೇನೆ ಎಂದರು. ಕೊಪ್ಪಳದ ಬಸ್ಸಿನಲ್ಲಿ ನಾನು ನಡುವಿನ ಸೀಟಿನಲ್ಲಿ ಕುಳಿತೆ, ಬೇರೆ ಖಾಲಿ ಇರಲಿಲ್ಲ. ಮುನಿರಾಬಾದಿನ ಹತ್ತಿರ ಆ ಹೊಗೆ, ಆ ಕೈ ಮತ್ತೆ ಬಂದವು. ಕೈ ತಡಕಾಡುತ್ತಲೇ ಇತ್ತು. ಸಿಟ್ಟು ಮಾತ್ರ ಬರಲಿಲ್ಲ. ಅದರ ಜಾಗದಲ್ಲಿ ಬಂದದ್ದಕ್ಕೆ ನನ್ನ ಬಳಿ ಇನ್ನೂ ಹೆಸರಿಲ್ಲ.

ಮೂರನೆಯ ದಿನ ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಈರಣ್ಣನವರ ಫೋನು ಬಂತು. ಹೊಸ ಮೆಣಸಿನ ಬೀಜ ಯಾವಾಗ ಕಳಿಸುತ್ತೀರಿ, ಹೋದ ವರ್ಷದಂತೆ ತಡ ಮಾಡಬೇಡಿ ಎಂದರು. ಹಾರ್ನಿನ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ. ಅವರ ಹಿಂದೆ ಕಂಡಕ್ಟರನೊಬ್ಬ ತಾವರಗೇರಾ ಇಳಿಯುವವರನ್ನು ಕೂಗಿ ಕರೆಯುತ್ತಿದ್ದ. ಬರುವ ವಾರ ಕಳಿಸುತ್ತೇನೆ ಎಂದೆ. ಎಲ್ಲಿದ್ದೀರಿ ಎಂದು ಕೇಳಲಿಲ್ಲ.