ಅತ್ತೆಗೊಂದು ಬೇರೆ ಪಾತ್ರೆ

ಲಾಕ್‌ಡೌನ್‌ನಲ್ಲಿ, ಚಳಿದೇಶದ ಊರಾದ ಟಾಲಾದ ನಮ್ಮ ಮನೆಯಲ್ಲಿ ಮೂರು ಸಲ ಇಡ್ಲಿ ಹಿಟ್ಟು ಉಬ್ಬಲಿಲ್ಲ. ಮೈಸೂರಿನಿಂದ ಅತ್ತೆ ಗಂಟೆಗೊಮ್ಮೆ ವಿಡಿಯೋ ಕಾಲ್ ಮಾಡಿ, "ಮುಚ್ಚಳ ತೆಗೆದು ತೋರಿಸು" ಅನ್ನುವರು. ನೋಡಿ, "ನಿನ್ನ ಕೈಗುಣವೇ ಅಷ್ಟು" ಅನ್ನುವರು. ಭಾನುವಾರ ಮಗಳ ಹುಟ್ಟುಹಬ್ಬ. ಅವತ್ತೂ ಇಡ್ಲಿ ಕಲ್ಲಾದರೆ ನನ್ನ ಕೈಗುಣದ ಸುದ್ದಿ ನೆಂಟರಿಗೆಲ್ಲ ತಲುಪುವುದು ಖಂಡಿತ.

ಪಕ್ಕದ ಮನೆಯ ತಾತ ಡೆಕ್ಲನ್‌ಗೆ ಗೋಡೆಯಾಚೆಯಿಂದ ಗೋಳು ಹೇಳಿಕೊಂಡೆ. ಅವರ ಮುತ್ತಜ್ಜ ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ಬಿಯರ್ ಮಾಡಿದವನಂತೆ. ಮೊದಲ ವರ್ಷ ಪೀಪಾಯಿಗಳೆಲ್ಲ ಕೆಟ್ಟವಂತೆ. ಜೊತೆಗೆ ಬಂದಿದ್ದ ತಾಯಿ ದಿನಾ ಮುಚ್ಚಳ ತೆಗೆದು ಇಣುಕುತ್ತಿದ್ದಳು.

"ತಾಯಿಗೆ ಏನು ಮಾಡಿದ?" ಎಂದೆ ಆಸೆಯಿಂದ.

"ಇಣುಕೋಕೆ ಅಂತಲೇ ಒಂದು ಪೀಪಾಯಿ ಕೊಟ್ಟ. ಉಳಿದವಕ್ಕೆ ಬೀಗ ಹಾಕಿದ. ಆಮೇಲೆ ಎಲ್ಲ ಸರಿಹೋಯ್ತು, ಗ್ರ್ಯಾಂಡ್."

ಶನಿವಾರ ನಾನೂ ಅತ್ತೆಗೊಂದು ಚಿಕ್ಕ ಪಾತ್ರೆ ಇಟ್ಟೆ. ದೊಡ್ಡದನ್ನು ಬಿಸಿನೀರಿನ ಟ್ಯಾಂಕ್ ಇರುವ ಬೆಚ್ಚನೆಯ ಕಪಾಟಿನಲ್ಲಿ ಬಚ್ಚಿಟ್ಟೆ. ಅತ್ತೆ ಒಂಬತ್ತು ಸಲ ನೋಡಿದರು, ಒಂಬತ್ತು ಸಲವೂ ಬೈದರು. ಬೆಳಿಗ್ಗೆ ದೊಡ್ಡ ಪಾತ್ರೆಯ ಹಿಟ್ಟಿನ ಇಡ್ಲಿ ಹತ್ತಿಯ ಹಾಗೆ ಎದ್ದಿತ್ತು.

"ನಾನು ಕಣ್ಣಿಟ್ಟಿದ್ದಕ್ಕೆ ಆಯ್ತು" ಎಂದರು ಅತ್ತೆ. "ನಾಳೆಯಿಂದ ಮೊಸರನ್ನೂ ತೋರಿಸು."

ತೋರಿಸುತ್ತೇನೆ. ನಮ್ಮ ಮನೆಯಲ್ಲಿ ಪಾತ್ರೆಗೇನು ಬರವೇ?