ತಪ್ಪನ್ನೂ ಕಾಪಿ ಮಾಡುವ ಡಬ್ಬಿ

ಕಬ್ಬಿನ ಟ್ರ್ಯಾಕ್ಟರಿನ ನೆರಳಲ್ಲಿ ಕುಳಿತು ನೀವು ಎಂದಾದರೂ ಇಡೀ ಪೇಪರ್ ಓದಿದ್ದೀರಾ? ನಾನು ಓದಿದ್ದೇನೆ. ಟೆಂಡರ್ ನೋಟಿಸುಗಳನ್ನೂ ಬಿಡದೆ.

ಕಳೆದ ಮಂಗಳವಾರ ಹೂಲಿಯ ನಮ್ಮ ಕಾಕಾ ಶಿವಲಿಂಗಪ್ಪ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೊರಟಿದ್ದರು. ಬೈಲಹೊಂಗಲದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ನಾನೂ ಜೊತೆಗೆ ಹತ್ತಿದೆ. (ಅವತ್ತು ಅಲ್ಲಿ ಕರೆಂಟ್ ಇರಲಿಲ್ಲ. ಕರೆಂಟಿಲ್ಲದ ಕಂಪ್ಯೂಟರ್ ಕ್ಲಾಸಿಗೆ ಯಾರು ಬರುತ್ತಾರೆ?) ಯಾವ ಫ್ಯಾಕ್ಟರಿ ಅಂತ ಕೇಳಬೇಡಿ. ಕಾಕಾ ಮುಂದಿನ ವರ್ಷವೂ ಅಲ್ಲಿಗೇ ಕಬ್ಬು ಕಳಿಸಬೇಕು.

ಗೇಟಿನ ಮುಂದೆ ಉದ್ದಕ್ಕೆ ಸಾಲು. ಮಧ್ಯಾಹ್ನವಾದರೂ ಅಲುಗಲಿಲ್ಲ. ತೂಕದ ಕಾಟಾ ಸರಿಯಾಗಿಯೇ ಇತ್ತು. ಅದರ ಕಂಪ್ಯೂಟರಿಗೆ ಆಫೀಸಿನ ಕಂಪ್ಯೂಟರ್ ಸಿಗುತ್ತಿರಲಿಲ್ಲ, ಅಷ್ಟೇ. ಕಡಿದ ಕಬ್ಬು ಬಿಸಿಲಲ್ಲಿ ಒಣಗಿದಷ್ಟೂ ತೂಕ ಇಳಿಯುತ್ತದೆ. ಆ ನಷ್ಟ ಫ್ಯಾಕ್ಟರಿಯದ್ದಲ್ಲ. ಕಾಕಾ ಒಂದು ಗಳ ಎಳೆದು ಮುರಿದು ನೋಡಿದರು, ಮತ್ತೆ ಹೇರಿನೊಳಗೆ ತುರುಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀ ಕಂಪ್ಯೂಟರ್ ಕಲಸಾಂವ ಅಲ್ಲ? ಒಳಗ ಹೋಗಿ ನೋಡು."

ಹೋದೆ. ಎಸಿ ರೂಮಿನಲ್ಲಿ ಕಂಪ್ಯೂಟರ್ ಮ್ಯಾನೇಜರ್ ಸಾಹೇಬರು ಬೆವರುತ್ತಿದ್ದರು. ಅವರ ಮುಂದೆ ಜೋಡಿಯಾಗಿ ಎರಡು ನೆಟ್‌ವರ್ಕ್ ಡಬ್ಬಿಗಳು. ಫ್ಯಾಕ್ಟರಿಯ ಕಂಪ್ಯೂಟರುಗಳೆಲ್ಲ ಒಂದಕ್ಕೊಂದು ಮಾತಾಡುವುದು ಇವುಗಳ ಮೂಲಕವೇ. ಒಂದು ಕೆಟ್ಟರೆ ಇನ್ನೊಂದು ತಕ್ಷಣ ಕೆಲಸ ಹಿಡಿಯಬೇಕು, ಅದಕ್ಕೇ ಎರಡು. ಉದ್ಘಾಟನೆಯ ದಿನ ಸಾಹೇಬರು ಇದನ್ನು ಮೈಕಿನಲ್ಲಿ ವಿವರಿಸಿದ್ದರಂತೆ.

ಆದದ್ದೇನು? ಬೆಳಿಗ್ಗೆ ಅವರು ಮೊದಲನೆಯ ಡಬ್ಬಿಯಲ್ಲಿ ಒಂದು ಸೆಟಿಂಗ್ ಬದಲಿಸಿದ್ದರು. ತಪ್ಪು ಸೆಟಿಂಗ್. ಡಬ್ಬಿ ಕೆಟ್ಟಿರಲಿಲ್ಲ, ಹೇಳಿದ್ದನ್ನು ಪಾಲಿಸಿತ್ತು. ಎರಡನೆಯದು ಇನ್ನೂ ವಿಧೇಯ. ಜೋಡಿ ಅಂದಮೇಲೆ ಎರಡರದೂ ಒಂದೇ ಸೆಟಿಂಗ್ ಇರಬೇಕಲ್ಲ? ಅದೇ ತಪ್ಪನ್ನು ಅಲ್ಲೇ ಕಾಪಿ ಮಾಡಿಕೊಂಡಿತು. ಎರಡೂ ಒಟ್ಟಿಗೆ ಮಲಗಿದವು.

ಸರಿಯಾಗುವವರೆಗೆ ಚೀಟಿ ಬರೆದಾದರೂ ತೂಕ ಮಾಡಿ ಎಂದು ರೈತರು ಕೇಳಿದ್ದರಂತೆ. ಸಿಸ್ಟಮ್ ಒಪ್ಪೂದಿಲ್ಲ ಅಂದರಂತೆ ಸಾಹೇಬರು. ಒಪ್ಪಲಿಕ್ಕೆ ಸಿಸ್ಟಮ್ ಎಲ್ಲಿತ್ತು?

ನಾನೇ ಬೆನ್ನು ಹತ್ತಿ, ಡಬ್ಬಿ ಮಾರಿದ ಕಂಪನಿಯ ಹುಬ್ಬಳ್ಳಿ ಆಫೀಸಿಗೆ ಫೋನ್ ಹಚ್ಚಿಸಿದೆ. ಎಂಜಿನಿಯರ್ ಶೋಭಾ ಮೇಡಂ ಸಮಾಧಾನದಿಂದ ದಾರಿ ಹೇಳಿದರು. ಎರಡರ ನಡುವಿನ ಕೇಬಲ್ ಕಿತ್ತು, ಎರಡನೆಯದನ್ನು ಬಂದ್ ಮಾಡಬೇಕು. ಮೊದಲನೆಯದಕ್ಕೆ ಹಿಂದೆ ತೆಗೆದಿಟ್ಟ ಸರಿಯಾದ ಸೆಟಿಂಗ್ ತುಂಬಬೇಕು. ಎರಡನೆಯದರ ಸೆಟಿಂಗ್ ಪೂರ್ತಿ ಅಳಿಸದೆ ಮಾತ್ರ ಜೋಡಿಸಲೇಬಾರದು. ಇದನ್ನವರು ಒತ್ತಿ ಒತ್ತಿ ಹೇಳಿದರು.

ಹಾಗೇ ಮಾಡಿದೆವು. ಕಾಟಾ ಎದ್ದಿತು. ಹೊರಗೆ ಟ್ರ್ಯಾಕ್ಟರುಗಳು ಗುರುಗುಟ್ಟಿದವು. ಸಾಲು ಸರಿಯುತ್ತಾ ಬಂತು, ಸಾಹೇಬರಿಗೂ ಧೈರ್ಯ ಬಂತು.

"ಅಳಸೂದೇನ್ ಬ್ಯಾಡ ಬಿಡ್ರಿ. ಛಲೋದನ್ನ ನೋಡಿ ತಾನ ಸುಧಾರಸ್ತೈತಿ" ಎಂದವರೇ, ನಾನು ತಡೆಯುವುದರೊಳಗೆ ಎರಡನೆಯದನ್ನು ಚಾಲೂ ಮಾಡಿ ಕೇಬಲ್ ಸಿಕ್ಕಿಸಿಯೇಬಿಟ್ಟರು.

ಸುಧಾರಿಸಿತೇ? ಸರಿಯಾದ ಸೆಟಿಂಗ್ ಹಳೆಯದು, ತಪ್ಪು ಸೆಟಿಂಗ್ ಅವತ್ತಿನದು. ಹೊಸದೇ ಖರೇ ಎಂದು ಡಬ್ಬಿಗಳು ತೀರ್ಮಾನಿಸಿದವು. ಸರಿಯಿದ್ದದ್ದೂ ಮತ್ತೆ ಮಲಗಿತು.

ಆಗ ಕಾಟಾದ ಮೇಲೆ ಇದ್ದದ್ದು ಕಾಕಾನ ಟ್ರ್ಯಾಕ್ಟರು. ಅವರು ಇಳಿದು ಸೀದಾ ರೂಮಿನ ಬಾಗಿಲಿಗೆ ಬಂದು ನಿಂತರು. ದನಿ ಏರಿಸಲಿಲ್ಲ.

"ಸಾಹೇಬ್ರ, ಇನ್ನ ನೀವು ಕೈ ಕಟಗೊಂಡು ಕುಂದರ್ರಿ."

ಸಾಹೇಬರು ನಿಜಕ್ಕೂ ಕುಂತರು. ಶೋಭಾ ಮೇಡಂ ಹೇಳಿದ್ದನ್ನು ಮೊದಲಿನಿಂದ ಮಾಡಿದೆವು, ಈ ಸಲ ಎರಡನೆಯದನ್ನು ಅಳಿಸಿ. ಹೊತ್ತು ಮುಳುಗುವಾಗ ಕಾಕಾನ ಕಬ್ಬು ತೂಗಿತು. ಎಷ್ಟು ಇಳಿದಿತ್ತೋ ನಾನು ಕೇಳಲಿಲ್ಲ.

ನಿನ್ನೆ ತಿಳಿದ ಸುದ್ದಿ: ಎರಡೂ ಡಬ್ಬಿಗಳು ನಿಯಮದಂತೆಯೇ ನಡೆದುಕೊಂಡವು ಎಂದು ಸಾಹೇಬರು ರಿಪೋರ್ಟ್ ಕೊಟ್ಟಿದ್ದಾರೆ. ಹೆಚ್ಚಿನ ಸುರಕ್ಷತೆಗೆ ಮೂರನೆಯದೂ ಬೇಕಂತೆ. ಮೀಟಿಂಗಿನಲ್ಲಿ ಡೈರೆಕ್ಟರುಗಳೆಲ್ಲ ಒಟ್ಟಿಗೇ ತಲೆಯಾಡಿಸಿದರಂತೆ.

ತರಿಸಲಿ. ಆದರೆ ಸಾಹೇಬರು ಹೇಳಿದ್ದಕ್ಕೆ ಒಮ್ಮೆಯಾದರೂ 'ಯಾಕ್ರಿ?' ಅಂತ ಕೇಳುವ ಡಬ್ಬಿಯನ್ನು ಯಾವ ಕಂಪನಿ ಮಾಡುತ್ತದೆ?