ಜೂನ್ ಒಂದರ ಉಮಾಶ್ರೀ

ಉಮಾಶ್ರೀ ಹುಟ್ಟಿದ್ದು ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಸಂಕ್ರಮಣದ ದಿನ, ಇಳಕಲ್ಲಿನಲ್ಲಿ, ಅಜ್ಜಿ ಕೆಂಚವ್ವ ಮಾದಲಿಗೆ ಬೆಲ್ಲ ಕುಟ್ಟುತ್ತಿದ್ದ ಹೊತ್ತಿಗೆ. ಕಾಗದದ ಮೇಲೆ ಮಾತ್ರ ಅವಳು ಏಳೂವರೆ ತಿಂಗಳು ಮೊದಲೇ, ತೊಂಬತ್ತೆಂಟರ ಜೂನ್ ಒಂದಕ್ಕೆ ಹುಟ್ಟಿಬಿಟ್ಟಿದ್ದಳು. ಇದರಲ್ಲಿ ಪವಾಡವೇನೂ ಇಲ್ಲ. ನಮ್ಮ ಕಡೆಯ ಯಾವ ಶಾಲೆಯ ದಾಖಲೆ ತೆಗೆದರೂ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿರುತ್ತದೆ. ಆ ದಿನ ಸೂಲಗಿತ್ತಿಯರಿಗೆ ಉಣ್ಣಲು ಪುರಸತ್ತು ಸಿಕ್ಕಿರಲಾರದು. ಒಂದನೇ ಇಯತ್ತೆಗೆ ವಯಸ್ಸು ಸಾಲದ ಮಗುವನ್ನು ಅಪ್ಪ ಕೈಹಿಡಿದು ಕರೆತರುತ್ತಾನೆ. ಮಾಸ್ತರು ಒಮ್ಮೆ ಮಗುವಿನ ಮುಖ ನೋಡುತ್ತಾರೆ, ಶಾಲೆ ಶುರುವಾಗುವ ತಾರೀಕನ್ನೇ ಬರೆದು ಇಸವಿಯನ್ನು ಸ್ವಲ್ಪ ಹಿಂದಕ್ಕೆ ಸರಿಸುತ್ತಾರೆ. ಉಮಾಶ್ರೀಯ ತಂದೆ ರಾಯಪ್ಪನನ್ನೂ ಅವನ ಕಾಲದ ಮಾಸ್ತರು ಹೀಗೇ ಜೂನ್ ಒಂದಕ್ಕೆ ಹುಟ್ಟಿಸಿದ್ದರು. ನಿಜವಾದ ದಿನ ಕೇಳಿದರೆ ಅವನ ತಾಯಿ, ಜೋಳದ ರಾಶಿ ಮುಗಿದ ಮೇಲೆ ಎಂದಷ್ಟೇ ಹೇಳುತ್ತಿದ್ದಳು. ಹಾಗಾಗಿ ಮಗಳ ಸರದಿ ಬಂದಾಗ ರಾಯಪ್ಪ ಯೋಚಿಸಲೇ ಇಲ್ಲ, ಮಾಸ್ತರು ತೋರಿಸಿದ ಕಡೆ ಸಹಿ ಮಾಡಿದ. ಪಾಸ್‌ಪೋರ್ಟಿಗೆ ಬೇಕಾದ ಜನನ ಪತ್ರವೂ ಆಮೇಲೆ ಅದೇ ತಾರೀಕಿನಲ್ಲಿ ತಯಾರಾಯಿತು.

ರಾಯಪ್ಪ ಒಮಾನಿನಲ್ಲಿ ತೈಲಬಾವಿಗಳ ಪಂಪು ರಿಪೇರಿ ಮಾಡುವ ಕಂಪನಿಯೊಂದರ ಫೋರ್‌ಮನ್. ವರ್ಕ್‌ಶಾಪು ವಾದಿ ಅದಾಯ್‌ನಲ್ಲಿ, ಮನೆ ಮಸ್ಕತ್ತಿನ ಇನ್ನೊಂದು ತುದಿಯ ಸೀಬ್‌ನಲ್ಲಿ. ಆಯುಷ್ಯದ ದೊಡ್ಡ ಪಾಲು ನಡುವಿನ ಹೆದ್ದಾರಿಗೇ ಹೋಯಿತು. ಮೂರನೇ ಇಯತ್ತೆಗೆ ಅಲ್ಲಿನ ಇಂಡಿಯನ್ ಶಾಲೆ ಸೇರಿದ ಉಮಾಶ್ರೀಗೆ ಬ್ಯಾಸ್ಕೆಟ್‌ಬಾಲ್ ಹಿಡಿಸಿದವರು ಮಂಗಳೂರಿನ ಗ್ರೆಟ್ಟಾ ಟೀಚರ್. ಹುಡುಗಿ ಐದಡಿ ನಾಲ್ಕಂಗುಲಕ್ಕೆ ನಿಂತುಬಿಟ್ಟಾಗ ಟೀಚರ್ ಅವಳನ್ನು ಗಾರ್ಡ್ ಮಾಡಿದರು. ಅಂಗಳದ ಈ ತುದಿಯಿಂದ ಆ ತುದಿಗೆ ಚೆಂಡು ಒಯ್ದು, ಎತ್ತರದವರ ಕೈಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ಗಾರ್ಡಿನ ಕೆಲಸ.

"ನೀನು ಬುಟ್ಟಿ ನೋಡ್ಬೇಡ ಮಾರಾಯ್ತಿ, ಜನರನ್ನು ನೋಡು," ಎನ್ನುತ್ತಿದ್ದರು ಟೀಚರ್. "ನಿನ್ನದು ಬಡಿಸುವ ಕೆಲಸ, ಉಣ್ಣುವುದಲ್ಲ."

ಬಡಿಸುವುದನ್ನು ಅವಳು ಚೆನ್ನಾಗಿಯೇ ಕಲಿತಳು. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಬೆಳಗಿನ ಐದಕ್ಕೆ ಅಭ್ಯಾಸ, ರಜೆಯ ಶುಕ್ರವಾರ ಅಲ್ ಅಜೈಬಾದ ಅಂಕಣದಲ್ಲಿ ಫಿಲಿಪಿನೋ ನರ್ಸುಗಳ ಜೊತೆ ಪಂದ್ಯ. ಅವಳಿಗೆ ಬೇಕಾಗಿದ್ದು ಒಂದೇ: ಹನ್ನೆರಡನೆಯ ತರಗತಿ ಮುಗಿದ ಮೇಲೂ ಆಡುತ್ತಿರುವುದು. ಅವಳಿಗಿಂತ ಮುಂದಿನ ಹುಡುಗಿಯರೆಲ್ಲ ಶಾಲೆ ಬಿಟ್ಟ ದಿನವೇ ಬೂಟು ಬಿಚ್ಚಿಟ್ಟಿದ್ದರು.

ಎರಡು ಸಾವಿರದ ಹದಿನೈದರ ಡಿಸೆಂಬರಿನಲ್ಲಿ ಮಸ್ಕತ್ತಿಗೆ ಹಂಗೇರಿಯ ಒಬ್ಬ ಕೋಚಮ್ಮ ಶಿಬಿರ ನಡೆಸಲು ಬಂದಳು. ಉಮಾಶ್ರೀಯ ಆಟವನ್ನು ಮೂರು ದಿನ ನೋಡಿ, ತನ್ನ ಕ್ಲಬ್ಬಿನ ಹುಡುಗಿಯರ ತಂಡದಲ್ಲಿ ಒಂದು ಜಾಗವಿದೆ, ವಸತಿ, ಊಟ, ಓದು ಎಲ್ಲ ಅವರದೇ ಎಂದಳು. ಕಟ್ಟಳೆ ಒಂದೇ. ಆಟಗಾರ್ತಿ ತೊಂಬತ್ತೊಂಬತ್ತರಲ್ಲೋ ಆಮೇಲೋ ಹುಟ್ಟಿರಬೇಕು. ಮನೆಯಲ್ಲಿ ಎಲ್ಲರಿಗೂ ಸಂಕ್ರಮಣವೇ ನೆನಪು. ಸಂಭ್ರಮದಲ್ಲಿ ಪಾಸ್‌ಪೋರ್ಟ್ ಪ್ರತಿಯನ್ನು ಯಾರೂ ಓದದೆ ಕಳಿಸಿದರು.

ಫೆಬ್ರುವರಿಯಲ್ಲಿ ಉತ್ತರ ಬಂತು: ವಯಸ್ಸು ಮೀರಿದೆ, ಕ್ಷಮಿಸಿ. ತೈಲದ ಬೆಲೆ ನೆಲಕಚ್ಚಿ ವರ್ಷವಾಗಿತ್ತು. ಬಾವಿಗಳಲ್ಲಿ ಹೊಸ ಕೆಲಸ ನಿಂತಿತ್ತು, ಪ್ರತಿ ಶುಕ್ರವಾರ ಯಾರದಾದರೂ ಬೀಳ್ಕೊಡುಗೆ ಊಟ ಇರುತ್ತಿತ್ತು. ಅದೇ ವಾರ ರಾಯಪ್ಪನ ಕಂಪನಿಯೂ ಅವನ ಕೈಗೆ ಒಂದು ಪತ್ರ ಕೊಟ್ಟು ಖಲಾಸ್ ಎಂದಿತು. ಬರಗಾಲದಲ್ಲಿ ಅಧಿಕ ಮಾಸ ಬಂದಂತಾಯಿತು.

ಕೆಲಸ ಹೋದದ್ದಕ್ಕಿಂತ ಮಗಳ ಜಾಗ ಹೋದದ್ದು ರಾಯಪ್ಪನನ್ನು ಹೆಚ್ಚು ಕೊರೆಯಿತು. ಯಾರಿಗೂ ಹೇಳದೆ ಇಳಕಲ್ಲಿಗೆ ಫೋನು ಮಾಡಿ, ಪರಿಚಯದವರನ್ನು ಓಡಾಡಿಸಿ, ಹದಿನೈದೇ ದಿನದಲ್ಲಿ ನಿಜವಾದ ತಾರೀಕಿನ ಅಫಿಡವಿಟ್ಟು ತರಿಸಿ ಹಂಗೇರಿಗೆ ಕಳಿಸಿದ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಒಬ್ಬ ಹುಡುಗಿಗೆ ಎರಡು ಹುಟ್ಟಿದ ದಿನ ಇರುವುದು ಹೇಗೆ, ಇಂಥ ಕಾಗದಗಳನ್ನು ನಾವು ಮೊದಲೂ ಕಂಡಿದ್ದೇವೆ ಎಂದು ಕ್ಲಬ್ಬು ಗ್ರೆಟ್ಟಾ ಟೀಚರಿಗೆ ಬರೆಯಿತು.

"ಎಂತ ಮಾಡಿಬಿಟ್ರಿ ನೀವು!" ಟೀಚರ್ ಮನೆಗೇ ಬಂದು ಬೈದರು. "ಅವಳು ಮೋಸ ಮಾಡಿದ್ಳು ಅಂತ ಆಯ್ತಲ್ಲ ಈಗ!"

ಉಮಾಶ್ರೀಗೆ ಅಪ್ಪನ ಮೇಲೆ ಕಡುಕೋಪ ಬಂತು. ಎರಡು ದಿನ ಅವನೊಂದಿಗೆ ಮಾತು ಬಿಟ್ಟಳು. ಮೂರನೆಯ ದಿನ ಅವನೇ ಬಂದು ಅವಳ ಎದುರು ಕುಳಿತ.

"ನಿನ್ನ ಏಳೂವರಿ ತಿಂಗಳ ನಾನ ತಿಂದೆನವಾ. ಮಾಸ್ತರ ಬರಿಯೂಮುಂದ ಬ್ಯಾಡ್ರಿ ಅಂತ ಒಂದ ಮಾತ ಅಂದಿದ್ರ ಮುಗೀತಿತ್ತು."

ಅವನ ಮುಖ ನೋಡಿ ಅವಳಿಗೆ ಅಯ್ಯೋ ಅನ್ನಿಸಿತು. ಅಷ್ಟು ಹೊತ್ತಿಗೆ ಅವಳು ಕ್ಲಬ್ಬಿನ ಆ ಮೊದಲ ಪತ್ರವನ್ನು ಹತ್ತು ಸಲ ಓದಿದ್ದಳು, ಓದುತ್ತ ಓದುತ್ತ ಇನ್ನೊಂದು ಹೊಳೆದಿತ್ತು.

"ಹೋಗ್ಲಿ ಬಿಡಪ್ಪಾ," ಎಂದಳು. "ಹುಡುಗೀರ ಟೀಮಿಗೆ ಏಜ್ ಜಾಸ್ತಿ ಆತು. ಹೆಂಗಸರ ಟೀಮಿಗೆ ಕರೆಕ್ಟ್ ಐತಲ್ಲ?"

ಕ್ಲಬ್ಬಿನ ಹೆಂಗಸರ ತಂಡದ ಆಯ್ಕೆ ಪರೀಕ್ಷೆಗೆ ಹದಿನೆಂಟು ತುಂಬಿದವರೆಲ್ಲ ಹೋಗಬಹುದಿತ್ತು, ಆದರೆ ಸ್ವಂತ ಖರ್ಚಿನಲ್ಲಿ. ಅವಳು ತಾನೇ ಕೋಚಮ್ಮನಿಗೆ ಬರೆದಳು. ಪಾಸ್‌ಪೋರ್ಟಿನಲ್ಲಿರುವುದೇ ನನ್ನ ತಾರೀಕು, ಎರಡನೇ ಕಾಗದ ಅಪ್ಪನ ಆಸೆಯ ತಪ್ಪು, ಜೂನ್ ಒಂದಕ್ಕೆ ನನಗೆ ಹದಿನೆಂಟು, ಬರಲೇ? ನಿಜ ಹೇಳಿದಾಗ ನಂಬದ ಕ್ಲಬ್ಬು ಈ ಸುಳ್ಳನ್ನು ಅಂದೇ ನಂಬಿ, ಬಾ ಎಂದಿತು.

ಇನ್ನು ಹೋಗುವುದು ಹೇಗೆ? ರಾಯಪ್ಪನ ವೀಸಾ ರದ್ದಾದರೆ ಉಮಾಶ್ರೀಯದೂ ರದ್ದು. ಒಮಾನಿನ ನಿವಾಸಿ ಕಾರ್ಡು ಇಲ್ಲದವಳು ಮಸ್ಕತ್ತಿನಿಂದ ಹಂಗೇರಿಯ ವೀಸಾ ಕೇಳುವಂತಿರಲಿಲ್ಲ. ರಾಯಪ್ಪ ಕಂಪನಿಯ ಕಾಗದಪತ್ರ ನೋಡುವ ಅಹ್ಮದ್ ಎಂಬ ಒಮಾನಿ ಹಿರಿಯರ ಬಳಿ ಹೋದ. ಎರಡು ಉಪಕಾರ ಕೇಳಿದ. ರದ್ದು ಮಾಡುವುದನ್ನು ಜೂನ್‌ವರೆಗೆ ತಡೆಯಬೇಕು. ಊರಿಗೆ ಹೋಗಲು ಕಂಪನಿ ಗಂಡ, ಹೆಂಡತಿ, ಮಗಳಿಗೆ ಕೊಡುವ ಮೂರು ಟಿಕೆಟ್‌ಗಳಲ್ಲಿ ಒಂದನ್ನು ಬೆಂಗಳೂರಿನ ಬದಲು ಬುಡಾಪೆಸ್ಟಿಗೆ ಮಾಡಿಸಬೇಕು. ಅಹ್ಮದ್ ಎರಡೂ ಪಾಸ್‌ಪೋರ್ಟು ತೆರೆದು, ಅಪ್ಪ ಮಗಳು ಇಬ್ಬರೂ ಜೂನ್ ಒಂದೇ ಎಂದು ಹುಬ್ಬೇರಿಸಿದರು. ರಾಯಪ್ಪ ತಲೆ ತಗ್ಗಿಸಿ ಮಾಸ್ತರ ಕತೆಯನ್ನೆಲ್ಲ ಹೇಳಿದ. ಅಹ್ಮದ್ ನಗುತ್ತ ತಮ್ಮ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಜನವರಿ ಒಂದು.

"ಹಮಾರಾ ಪೂರಾ ಗಾಂವ್ ಜನವರಿ ಏಕ್ ಕೋ ಪೈದಾ ಹುವಾ," ಎಂದರು; ಅವರ ಊರಿಗೆ ಊರೇ ಆ ದಿನ ಹುಟ್ಟಿದ್ದಂತೆ. "ಯಲ್ಲಾ, ರಾಯಪ್ಪ, ಜಾವೋ." ಅವನ ಕಡತ ಆ ಮೇಜಿನ ರಾಶಿಯ ತಳಕ್ಕೆ ಹೋಯಿತು, ಜೂನ್ ಬರುವವರೆಗೂ ಮೇಲೆ ಬರಲಿಲ್ಲ.

ಜೂನ್ ಮೂರಕ್ಕೆ ಮೂವರೂ ಒಂದೇ ವಿಮಾನ ನಿಲ್ದಾಣದಿಂದ ಎರಡು ದಿಕ್ಕಿಗೆ ಹೊರಟರು. ತಂದೆ ತಾಯಿ ಹುಬ್ಬಳ್ಳಿಯಲ್ಲಿ ಮನೆ ಹಿಡಿದರು. ರಾಯಪ್ಪನಿಗೆ ತೈಲದ ಪಂಪು ಹೋಗಿ ಬೋರ್‌ವೆಲ್ಲಿನ ಪಂಪು ಬಂತು. ಹಂಗೇರಿಯಲ್ಲಿ ಉಮಾಶ್ರೀಯನ್ನು ಮೊದಲ ದಿನವೇ ಮೂವತ್ತು ದಾಟಿದ ಒಬ್ಬ ಹೆಂಗಸು ಭುಜದಿಂದ ಕೆಡವಿ ತುಟಿ ಒಡೆದಳು. ಹದಿನೇಳರ ಮೈಗೆ ಆ ಹೆಂಗಸರ ತೂಕ ತಡೆಯುವುದು ಕಷ್ಟವೇ. ಉಮಾಶ್ರೀ ಎದ್ದು, ಮುಂದಿನ ಸಲ ಇಬ್ಬರನ್ನೂ ಒಂದೇ ಕಡೆ ಆಡಿಸಿದಾಗ, ಚೆಂಡನ್ನು ಅದೇ ಹೆಂಗಸಿಗೆ, ಬುಟ್ಟಿಯ ಕೆಳಗೆ, ಕೈಗಿಟ್ಟಂತೆ ತಲುಪಿಸಿದಳು. ಬಡಿಸುವವರನ್ನು ಯಾರು ಬೇಡ ಎನ್ನುತ್ತಾರೆ? ಹತ್ತು ದಿನದ ಮೇಲೆ ಅವಳನ್ನು ಮೂರನೇ ಗಾರ್ಡ್ ಆಗಿ ಇಟ್ಟುಕೊಂಡರು. ಸಂಬಳವಿಲ್ಲ, ಕೋಣೆ ಮತ್ತು ಊಟ. ಮಾಂಸ ಮುಟ್ಟದವಳು ಬ್ರೆಡ್ಡು, ಮೊಸರು, ಕೆಂಚವ್ವ ಕಳಿಸಿದ ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯಲ್ಲಿ ಕಾಲ ತಳ್ಳಿದಳು. ಮೊದಲ ವರ್ಷ ಅವಳು ಆಡಿದ್ದನ್ನೆಲ್ಲ ಕೂಡಿಸಿದರೂ ಒಂದು ಪಂದ್ಯವಾಗುತ್ತಿರಲಿಲ್ಲ. ಎರಡನೆಯ ವರ್ಷ ಮೇಲಿನ ಇಬ್ಬರು ಗಾರ್ಡುಗಳಿಗೂ ಮೊಣಕಾಲು ಕೈಕೊಟ್ಟಿತು, ಅವಳು ಬೆಂಚಿನಿಂದ ಎದ್ದವಳು ಮತ್ತೆ ಕೂರಲಿಲ್ಲ.

ಪ್ರತಿ ಸಂಕ್ರಮಣಕ್ಕೆ ರಾಯಪ್ಪ ಫೋನು ಮಾಡುತ್ತಿದ್ದ. "ಎಳ್ಳು ಬೆಲ್ಲ ತಿಂದಿ ಏನವಾ?" ಎಂದು ಶುರುಮಾಡಿ ಕೊನೆಗೆ ಅಲ್ಲಿಗೇ ಬರುತ್ತಿದ್ದ. "ನಂದ ತಪ್ಪಿತ್ತವಾ ಅದು."

ಮುಂದೆ ಅವಳು ಪೋರ್ಚುಗಲ್ಲಿನ ಕ್ಲಬ್ಬಿಗೂ ಹೋದಳು, ಅಲ್ಲಿ ಹೆಸರೂ ಮಾಡಿದಳು. ಆದರೆ ಸಂಬಳದ ಮೊದಲ ಕರಾರು ಸ್ಲೊವಾಕಿಯದ ಒಂದು ಸಣ್ಣ ಊರಿನದು. ಸಹಿ ಹಾಕಲು ಕರೆದ ದಿನ ಎರಡು ಸಾವಿರದ ಹದಿನೆಂಟರ ಜೂನ್ ಒಂದು. ಪಾಸ್‌ಪೋರ್ಟು ನೋಡಿದ್ದ ಮ್ಯಾನೇಜರು ಇಪ್ಪತ್ತು ಮೇಣದಬತ್ತಿಯ ಕೇಕು ತರಿಸಿಟ್ಟಿದ್ದ. ಸಂಕ್ರಮಣದ ವಿಷಯ ಅವಳು ಎತ್ತಲಿಲ್ಲ. ಸಹಿ ಮಾಡಿ, ಹುಬ್ಬಳ್ಳಿಗೆ ವಿಡಿಯೋ ಕಾಲ್ ಹಚ್ಚಿದಳು.

ರಾಯಪ್ಪ ಯಾರದೋ ಹೊಲದಲ್ಲಿ ಪಂಪಿನ ಪಕ್ಕ ನಿಂತಿದ್ದ, ಕೈತುಂಬ ಗ್ರೀಸು. ಕೇಕು ಕಂಡದ್ದೇ ಅವನ ಮುಖ ಸಣ್ಣದಾಯಿತು.

"ಇವತ್ತ ಅಲ್ಲಲ್ಲವಾ ನಿಂದು..."

"ಅಪ್ಪಾ, ಇವತ್ತ ನಿಂದೂ ಐತಲ್ಲ," ಎಂದು ಅವಳು ಫೋನನ್ನು ಕೋಣೆಯ ಕಡೆ ತಿರುಗಿಸಿದಳು. ತಂದೆಯದೂ ಇದೇ ದಿನ ಎಂದು ಅವಳು ಕ್ಲಬ್ಬಿನವರಿಗೆ ಮೊದಲೇ ಹೇಳಿದ್ದಳು. ಕೋಣೆಯಲ್ಲಿದ್ದ ಏಳೆಂಟು ಜನ ತಮ್ಮ ಭಾಷೆಯಲ್ಲಿ ಜೋರಾಗಿ ಹಾಡಿದರು, ಕೊನೆಯಲ್ಲಿ ರಾಯಪ್ಪನ ಹೆಸರನ್ನು ಹೇಗೋ ಎಳೆದು ಸೇರಿಸಿದರು.

ಐವತ್ತು ದಾಟಿದ ಅವನಿಗೆ ಹುಟ್ಟಿದ ದಿನವೆಂದು ಯಾರೂ ಒಂದು ಹಾಡು ಹಾಡಿದ್ದಿಲ್ಲ. ಹಾಡು ಮುಗಿಯುವವರೆಗೂ ಅವನು ಶಾಲೆಯಲ್ಲಿ ನಿಂತ ಹಾಗೆ ನೆಟ್ಟಗೆ ನಿಂತಿದ್ದ. ಆಮೇಲೆ ಮೊಣಕೈಯಿಂದ ಕಣ್ಣೊರೆಸಿಕೊಂಡ.

"ಸಹಿ ಆತೇನವಾ?"

"ಆತಪ್ಪಾ."

"ಹಂಗಾದ್ರ ಮಾಸ್ತರ ಬರದದ್ದ ಖರೆ ಆತ ನೋಡು," ಎಂದ ರಾಯಪ್ಪ.